ಕೊನೆಯ ಹಂತ ಮಗುವಿನದ್ದು

ಬೋಧನಾಭ್ಯಾಸದ ಅವಧಿಯಲ್ಲಿ ದರ್ಬೆಯ ಸಮೀಪದ ವಿಶೇಷ ಶಾಲೆಯೊಂದಕ್ಕೆ ಭೇಟಿ ನೀಡಿದೆ. ಅಲ್ಲಿ ಕೈ ತೊಳೆಯುವುದೇ ಒಂದು ಪಾಠ: ನಳ್ಳಿ ತಿರುಗಿಸುವುದು, ಸಾಬೂನು ಹಚ್ಚುವುದು, ಉಜ್ಜುವುದು, ತೊಳೆಯುವುದು, ನಳ್ಳಿ ನಿಲ್ಲಿಸುವುದು, ಒರೆಸುವುದು. ಕೆಲಸವನ್ನು ಹೀಗೆ ಬಿಡಿಸುವುದು ಕಾರ್ಯ ವಿಶ್ಲೇಷಣೆ. ಮೊದಲ ಐದು ಹಂತಗಳಿಗೆ ಶಿಕ್ಷಕಿ ಕೈಹಿಡಿದು ನೆರವಾದರು. ಕೊನೆಯದನ್ನು ಮಗುವಿಗೇ ಬಿಟ್ಟರು. ಮುಗಿಸಿದ ಖುಷಿ ಮಗುವಿನದಾಯಿತು. ಅದು ಕೈಗೂಡಿದ ಮೇಲೆ ಕೊನೆಯ ಎರಡು ಹಂತ, ಆಮೇಲೆ ಮೂರು. ಇದು ಹಿಮ್ಮುಖ ಸರಪಣಿ ವಿಧಾನ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ, ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗು ನೆರೆಶಾಲೆಯನ್ನೋ ವಿಶೇಷ ಶಾಲೆಯನ್ನೋ ಆರಿಸಿಕೊಂಡು ಉಚಿತವಾಗಿ ಕಲಿಯಬಹುದು. ಹಾಗಾಗಿ ನಮ್ಮ ಪಾಠಯೋಜನೆಯಲ್ಲೂ ಆ ಮಗುವಿಗೆ ಕೆಲಸವಿರಬೇಕು. ಲಿಟ್ಮಸ್ ಪ್ರಯೋಗದಲ್ಲಿ ಸುಮ್ಮನೆ ಕೂರಿಸದೆ, ನಿಂಬೆರಸಕ್ಕೆ ಕಾಗದ ಅದ್ದುವ ಹಂತವನ್ನು ಅದಕ್ಕೇ ಬಿಡೋಣ. ಮುಂದಿನ ಸಲ ರಸ ಹಿಂಡುವುದನ್ನೂ.