ತುಂಗಭದ್ರೆಯಲ್ಲಿ ದೋಣಿ ನಡೆಸುವ ಕನಸು



ಲೋಕಲ್ ರೈಲಿನಲ್ಲಿ ಹೋಗುವಾಗ ಮುಂಬ್ರಾದ ಹತ್ತಿರ ಖಾಡಿ ಕಾಣುತ್ತದಲ್ಲ, ಅದನ್ನು ಒಮ್ಮೆ ಸರಿಯಾಗಿ ನೋಡಿ. (ಬಾಗಿಲಲ್ಲಿ ಜೋತುಬಿದ್ದಲ್ಲ, ಒಳಗೆ ನಿಂತು!) ಉಲ್ಹಾಸ ನದಿ ಸಮುದ್ರಕ್ಕೆ ಹೋಗುವ ದಾರಿ ಅದು. ಕಲ್ಯಾಣ ಒಂದು ಕಾಲಕ್ಕೆ ದೊಡ್ಡ ಬಂದರು. 1854ರಲ್ಲಿ ರೈಲು ಕಲ್ಯಾಣಕ್ಕೆ ಬಂತು. ಬರಬರುತ್ತಾ ಸರಕು ದೋಣಿಯಿಂದ ಇಳಿದು ರೈಲು ಹತ್ತಿತು. ನೀರಿಗೂ ರೈಲಿಗೂ ನಡೆದ ಇಂಥದೇ ಪೈಪೋಟಿ ನಮ್ಮ ತುಂಗಭದ್ರೆಯ ಮೇಲೂ ನಡೆದಿದೆ. ಆ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಮೊದಲು ಒಂದು ಮಾತು ತಿಳಿದುಕೊಳ್ಳೋಣ. ನದಿಯಲ್ಲಿ ನೀರಿದ್ದ ಮಾತ್ರಕ್ಕೆ ದೋಣಿ ನಡೆಯುವುದಿಲ್ಲ. ಒಂದು ಕಡೆ ಮಡು, ಒಂದು ಕಡೆ ಬಂಡೆ, ಬೇಸಿಗೆಯಲ್ಲಿ ಬರೀ ಮರಳು. ಹಾಗಾಗಿ ಒಡ್ಡು ಕಟ್ಟಿ ನೀರು ನಿಲ್ಲಿಸಬೇಕು. ಆದರೆ ಒಡ್ಡು ಕಟ್ಟಿದರೆ ದೋಣಿ ದಾಟುವುದು ಹ್ಯಾಗೆ? ಅದಕ್ಕೆ ‘ಲಾಕ್’ ಎಂಬ ಉಪಾಯ. ಎರಡು ಬಾಗಿಲುಗಳ ನಡುವೆ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಬಾಗಿಲು ಮುಚ್ಚಿ, ಮೇಲಿನ ನೀರು ಬಿಟ್ಟರೆ ತೊಟ್ಟಿ ತುಂಬುತ್ತದೆ, ದೋಣಿ ತಾನೇ ಏರುತ್ತದೆ. ಎಂಜಿನ್ ಬೇಡ, ಎತ್ತು ಬೇಡ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ವೇ ಎಂಬ ಸಣ್ಣ ಹೊಳೆಯನ್ನು ಹೀಗೇ ಗಿಲ್ಡ್‌ಫರ್ಡ್ ಊರಿನಿಂದ ಥೇಮ್ಸ್ ನದಿಯವರೆಗೆ ಪಳಗಿಸಿ 1653ರಲ್ಲಿ ದೋಣಿಗೆ ತೆರೆದರು. ಕೆಲಸ ಹಚ್ಚಿದ ಸರ್ ರಿಚರ್ಡ್ ವೆಸ್ಟನ್ ಅದು ಮುಗಿಯುವ ಮೊದಲೇ 1652ರಲ್ಲಿ ತೀರಿಕೊಂಡ. ಆಮೇಲೆ ಸಾಲಗಾರರ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ನೀರಿನ ದಾರಿ ಕಟ್ಟುವವರ ಹಣೆಬರಹ ಅಂದಿನಿಂದಲೂ ಹೀಗೇ ಏನೋ!

ಈಗ ನಮ್ಮ ಕಡೆಗೆ ಬರೋಣ. ತುಂಗಭದ್ರೆಯ ದಂಡೆಯವರಿಗೆ ಹರಿಗೋಲು ಹೊಸದಲ್ಲ. ಆದರೆ ಹರಿಗೋಲು ಹೊಳೆ ದಾಟಿಸುತ್ತದೆ, ನೂರಾರು ಮೈಲಿ ಸರಕು ಒಯ್ಯುವುದಿಲ್ಲ. ಆ ಕನಸು ಕಂಡವನು ಸರ್ ಆರ್ಥರ್ ಕಾಟನ್ (1803–1899). ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿ, ಅದರ ಕಾಲುವೆಗಳಲ್ಲಿ ನೀರಾವರಿ, ದೋಣಿ ಎರಡನ್ನೂ ನಡೆಸಿ ತೋರಿಸಿದ ಎಂಜಿನಿಯರ್ ಆತ. ಒಂದೇ ಕಾಲುವೆ ಹೊಲಕ್ಕೂ ಆಯಿತು, ದಾರಿಯೂ ಆಯಿತು. ರೈಲಿಗೆ ಸುರಿಯುವ ದುಡ್ಡು ಕಾಲುವೆಗೆ ಹಾಕಿ ಎನ್ನುವುದು ಆತನ ವಾದ. ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಆತ ಹೇಳಿದ ಜಲಮಾರ್ಗಗಳಲ್ಲಿ ಒಂದು ತುಂಗಭದ್ರೆಯಿಂದ ನಮ್ಮ ಕಾರವಾರಕ್ಕೆ!

ಇದರಲ್ಲಿ ಒಂದು ತುಂಡು ಮಾತ್ರ ನಿಜವಾಗಿ ಕಟ್ಟಲ್ಪಟ್ಟಿತು. ಮದರಾಸ್ ಇರಿಗೇಶನ್ ಅಂಡ್ ಕೆನಾಲ್ ಕಂಪನಿ ಎಂಬ ಲಂಡನ್ ಕಂಪನಿ 1860ರ ದಶಕದಲ್ಲಿ ಕರ್ನೂಲಿನ ಮೇಲ್ಗಡೆ ಸುಂಕೇಸುಲದಲ್ಲಿ ತುಂಗಭದ್ರೆಗೆ ಒಡ್ಡು ಹಾಕಿತು. ಅಲ್ಲಿಂದ ಕಡಪದವರೆಗೆ ಸುಮಾರು 300 ಕಿಲೋಮೀಟರು ಕಾಲುವೆ, ದೋಣಿಗಾಗಿ ಲಾಕುಗಳು. ಕರ್ನೂಲಿನಲ್ಲಿ ಹಂದ್ರಿ ಹೊಳೆ ಅಡ್ಡ ಬಂದಾಗ ಅದರ ಮೇಲೆ ಸೇತುವೆ ಕಟ್ಟಿ ಕಾಲುವೆಯನ್ನೇ ದಾಟಿಸಿದರು. ಮಿಟ್ಟಕಂದಾಲದಲ್ಲಿ ದಿಣ್ಣೆ ಕಡಿದು ಕೃಷ್ಣೆಯ ಕಡೆಯ ನೀರನ್ನು ಪೆನ್ನೆಯ ಕಡೆಗೆ ತಿರುಗಿಸಿದರು. ಸಣ್ಣ ಕೆಲಸವಲ್ಲ.

ಆದರೂ ಸೋತಿತು. ಯಾಕೆ?

ಒಂದು, ನೆಲ. ಗೋದಾವರಿಯ ಮುಖಜಭೂಮಿ ಸಪಾಟು, ಬತ್ತದ ನಾಡು. ಇಲ್ಲಿಯದು ಎರೆನೆಲ, ಜೋಳ, ಹತ್ತಿ ಬೆಳೆಯುವ ರೈತ ಮಳೆ ಬಂದ ವರ್ಷ ದುಡ್ಡು ಕೊಟ್ಟು ಕಾಲುವೆ ನೀರು ಯಾಕೆ ತಗೊಳ್ತಾನೆ? ಎರಡು, ರೈಲು. 1871ರಲ್ಲಿ ಮುಂಬಯಿ ಕಡೆಯ ಹಳಿ, ಮದರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಆ ಹಳಿ ಹೋದದ್ದು ಕಡಪದ ಮೇಲೇ. ಅಂದರೆ ನಮ್ಮ ಡೊಂಬಿವಲಿ, ಕಲ್ಯಾಣದ ಮೇಲೆ ಹಾದುಹೋಗುವ ದಾರಿಯೇ ಆ ಕಾಲುವೆಯ ಎದುರಾಳಿ! ಮೂರು, ದುಡ್ಡಿನ ಕರಾರು. 10 ಲಕ್ಷ ಪೌಂಡು ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿಗೆ ಸರ್ಕಾರ ಜಾಮೀನು ನಿಂತಿತ್ತು. ಕಾಲುವೆ ಗಳಿಸಲಿ ಬಿಡಲಿ, ವರ್ಷಕ್ಕೆ 50,000 ಪೌಂಡು ಲಂಡನ್ನಿಗೆ. ಕೊಟ್ಟವರು ಯಾರು? ಇಲ್ಲಿ ಕಂದಾಯ ಕಟ್ಟಿದ ರೈತರು. 1876–78ರ ಭೀಕರ ಬರದಲ್ಲಿ ಬಳ್ಳಾರಿ, ಕರ್ನೂಲು ಸೀಮೆಯ ಜನ ಹಸಿವಿನಿಂದ ಸತ್ತಾಗಲೂ ಈ ಕರಾರು ಕರಾರೇ. ಕೊನೆಗೆ 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು.

ಕಾರವಾರದ ದಾರಿ ಕಾಗದದಲ್ಲೇ ಉಳಿಯಿತು. ಧಾರವಾಡದ ಹತ್ತಿಯನ್ನು ಹಡಗಿಗೆ ಹಾಕಲು 1860ರ ದಶಕದಲ್ಲಿ ಕಾರವಾರದ ಮೇಲೆ ಎಲ್ಲರ ಕಣ್ಣಿತ್ತು, ಖರೆ. ಆದರೆ ಘಟ್ಟ? ಲೆಕ್ಕ ಹಾಕಿ ನೋಡಿ. ಒಂದು ಲಾಕು ದೋಣಿಯನ್ನು 3 ಮೀಟರು ಇಳಿಸುತ್ತದೆ ಅಂತ ಇಟ್ಟುಕೊಂಡರೂ 500 ಮೀಟರು ಇಳಿಯಲು 160ಕ್ಕಿಂತ ಹೆಚ್ಚು ಲಾಕು ಬೇಕು. ಪ್ರತಿಯೊಂದಕ್ಕೂ ತೊಟ್ಟಿ ತುಂಬ ನೀರು. ಬೇಸಿಗೆಯಲ್ಲಿ ಎಲ್ಲಿಂದ ತರೋಣ?

ಹಾಗಾದರೆ ಕಾಟನ್ ಹುಚ್ಚನೇ? ಅಲ್ಲ ಅಂತ ನನ್ನ ಅಭಿಪ್ರಾಯ. ದೋಣಿ ನಿಂತುಹೋಯಿತು, ಆದರೆ ಕಾಲುವೆ ಇಂದಿಗೂ ಹರಿಯುತ್ತಿದೆ. 1976ರ ಕೃಷ್ಣಾ ನ್ಯಾಯಮಂಡಳಿಯ ಹಂಚಿಕೆಯಲ್ಲಿ ಅದಕ್ಕೆ 39.9 ಟಿ.ಎಂ.ಸಿ. ಪಾಲಿದೆ. ನಷ್ಟದ ಬಾಬತ್ತು ಅಂತ ಬರೆದಿಟ್ಟದ್ದರ ಒಂದೊಂದು ಹನಿಗೂ ಈಗ ರಾಜ್ಯಗಳು ಜಗಳಾಡುತ್ತವೆ. ಆತನ ತಪ್ಪು ಇಷ್ಟೇ: ಒಂದು ನದಿಗೆ ಒಪ್ಪಿದ್ದು ಇನ್ನೊಂದಕ್ಕೂ ಒಪ್ಪುತ್ತದೆ ಅಂದುಕೊಂಡ. ಆ ತಪ್ಪಿನ ಬೆಲೆ ತೆತ್ತವರು ಮಾತ್ರ ಬೇರೆಯವರು.

ಇತ್ತ ನಮ್ಮ ಕಲ್ಯಾಣ–ಠಾಣೆ–ಮುಂಬಯಿ ಖಾಡಿಯನ್ನು 2016ರ ಕಾನೂನು ರಾಷ್ಟ್ರೀಯ ಜಲಮಾರ್ಗ 53 ಎಂದು ಸಾರಿದೆ. ನೀರಿನ ದಾರಿ ಮತ್ತೆ ನೆನಪಾಗಿದೆ! ಆದ್ದರಿಂದ ಮುಂದಿನ ಕೂಟದ ಚರ್ಚೆಗೆ ಎರಡು ಪ್ರಶ್ನೆ:

1. ದೊಡ್ಡ ಯೋಜನೆಯೊಂದು ಸೋತರೆ ನಷ್ಟ ಯಾರ ತಲೆಗೆ ಬರಬೇಕು?

2. ರೈಲಿನಲ್ಲಿ ಕಾಲಿಡಲು ಜಾಗವಿಲ್ಲದ ನಮಗೆ ಖಾಡಿಯ ದೋಣಿ ನಿಜವಾಗಿ ಉಪಯೋಗಕ್ಕೆ ಬಂದೀತೇ? ನೆಲ, ನೀರು, ದುಡ್ಡು, ಈ ಮೂರನ್ನೂ ಲೆಕ್ಕಕ್ಕೆ ತಗೊಂಡು ಉತ್ತರ ಬರೆದು ತನ್ನಿ.