ಒಂದೇ ಮಣ್ಣು, ಎರಡು ದೇಶ

ಅಕ್ಕಂದಿರೇ, ಬೇಸಿಗೆಯಲ್ಲಿ ಊರ ಹೊರಗೆ ನಿಂತು ನೋಡಿದ್ದೀರಲ್ಲ? ಕೆಲವು ಹೊಲಗಳಲ್ಲಿ ಒಂದು ಮರವೂ ಇಲ್ಲ. ಬರೀ ಮಣ್ಣು. ಬದುವಿನ ಆಚೆ ಹೊಲದಲ್ಲಿ ಮಾತ್ರ ನಾಲ್ಕು ಮರ. ಮಳೆ ಎರಡಕ್ಕೂ ಒಂದೇ. ಮಣ್ಣೂ ಒಂದೇ. ಹಾಗಾದ್ರೆ ಈ ವ್ಯತ್ಯಾಸ ಯಾಕೆ?

ಇದೇ ಪ್ರಶ್ನೆಯನ್ನು ಎರಡು ದೇಶಗಳ ಬಗ್ಗೆ ಕೇಳೋಣ. ಒಂದು ನೈಜರ್, ಇನ್ನೊಂದು ನೈಜೀರಿಯ. ಎರಡೂ ಆಫ್ರಿಕಾ ಖಂಡದಲ್ಲಿವೆ. ನೈಜರ್ ಉತ್ತರಕ್ಕೆ, ನೈಜೀರಿಯ ದಕ್ಷಿಣಕ್ಕೆ. ನೈಜರನ್ನು ಫ್ರೆಂಚರು ಆಳಿದರು. ನೈಜೀರಿಯವನ್ನು ಇಂಗ್ಲಿಷರು ಆಳಿದರು. 1960ರಲ್ಲಿ ಎರಡಕ್ಕೂ ಸ್ವಾತಂತ್ರ್ಯ ಬಂತು. ಗಡಿಯ ಎರಡೂ ಕಡೆ ಹೌಸಾ ಭಾಷೆಯ ಜನ ಇದ್ದಾರೆ. ಅವರು ಬೆಳೆಯುವುದೂ ನಮ್ಮ ಹಾಗೆ ಸಜ್ಜೆ, ಜೋಳ, ಅಲಸಂದೆ.

ಹಸಿರನ್ನು ಅಳೆಯೋದು ಹೇಗೆ?

ವಿಮಾನದಿಂದಲೂ ಉಪಗ್ರಹದಿಂದಲೂ ನೆಲದ ಚಿತ್ರ ತೆಗೆಯುತ್ತಾರೆ. ಆ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗ ಮಾಡುತ್ತಾರೆ. 100 ಚೌಕ ಇವೆ ಅಂತ ಇಟ್ಟುಕೊಳ್ಳೋಣ. 90ರಲ್ಲಿ ಬರೀ ಮಣ್ಣು, 10ರಲ್ಲಿ ಮಾತ್ರ ಗಿಡಮರ. ಹಾಗಿದ್ದರೆ ಅದು ಹಸಿರು ಕಡಿಮೆ ಇರುವ ನೆಲ. ಹತ್ತಿಪ್ಪತ್ತು ವರ್ಷ ಬಿಟ್ಟು ಅದೇ ಜಾಗದ ಚಿತ್ರ ಮತ್ತೆ ತೆಗೆಯುತ್ತಾರೆ. ಹಸಿರು ಹೆಚ್ಚಿತೋ ಕಡಿಮೆಯಾಯಿತೋ ಆಗ ತಿಳಿಯುತ್ತದೆ.

ಇಲ್ಲಿ ಎರಡು ಎಚ್ಚರ ಬೇಕು. ಮಳೆಗಾಲದ ಚಿತ್ರವನ್ನು ಬೇಸಿಗೆಯ ಚಿತ್ರದ ಜೊತೆ ಹೋಲಿಸಬಾರದು. ಸರಿಸಮ ಇಲ್ಲದ ನೆಲಗಳನ್ನೂ ಹೋಲಿಸಬಾರದು. ನೈಜರಿನ ಬಹುಪಾಲು ನೆಲ ಸಹಾರಾ ಮರುಭೂಮಿ. ಇಡೀ ದೇಶವನ್ನು ಲೆಕ್ಕ ಹಾಕಿದರೆ ಅಲ್ಲಿ ಬರಡು ನೆಲವೇ ಹೆಚ್ಚು. ಅದರಿಂದ ರೈತರ ಕೆಲಸ ನಮಗೆ ತಿಳಿಯೋದಿಲ್ಲ. ಗಡಿಯ ಆಚೆ ಈಚೆ ಇರುವ ಹೊಲಗಳನ್ನು ಹೋಲಿಸಿದರೆ ತಿಳಿಯುತ್ತದೆ.

ಮರ ಯಾರದ್ದು?

ನೈಜರಿನ ದಕ್ಷಿಣದಲ್ಲಿ 1968ರಿಂದ 1973ರವರೆಗೆ ಭಾರಿ ಬರ ಬಂತು. 1984ರಲ್ಲಿ ಮತ್ತೆ ಬರ. ಆ ಹೊತ್ತಿಗೆ ಹೊಲಗಳಲ್ಲಿ ಮರಗಳೇ ಉಳಿದಿರಲಿಲ್ಲ. ಬಿಸಿಗಾಳಿ ಮರಳನ್ನು ಹೊತ್ತು ತಂದು ಪೈರಿನ ಮೇಲೆ ಸುರಿಯುತ್ತಿತ್ತು. ಒಂದೇ ಹೊಲವನ್ನು ಮೂರು ಸಲ ಬಿತ್ತಬೇಕಾಗುತ್ತಿತ್ತು.

ಮರ ಯಾಕೆ ಉಳಿಯಲಿಲ್ಲ? ಫ್ರೆಂಚರ ಕಾಲದಿಂದ ಮರವೆಲ್ಲ ಸರ್ಕಾರದ್ದು ಎಂಬ ಕಾನೂನು ಇತ್ತು. ತನ್ನ ಹೊಲದ ಮರವನ್ನು ಕಡಿದರೂ ರೈತನಿಗೆ ದಂಡ. ನಮ್ಮದಲ್ಲದ ಮರವನ್ನು ನಾವು ಯಾಕೆ ಸಾಕಬೇಕು? ರೈತರೂ ಹಾಗೇ ಅಂದುಕೊಂಡರು. ಚಿಗುರು ಬಂದರೆ ಕಿತ್ತು ಹಾಕಿದರು.

ಆಸ್ಟ್ರೇಲಿಯಾದ ಟೋನಿ ರಿನಾಡೊ ಎಂಬುವರು ಆಗ ನೈಜರಿನ ಮರಾಡಿ ಎಂಬಲ್ಲಿ ಸಸಿ ನೆಡಿಸುತ್ತಿದ್ದರು. ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಒಣಗಿಹೋದವು. 1983ರಲ್ಲಿ ಅವರು ಒಂದು ಕುರುಚಲು ಪೊದೆಯನ್ನು ಹತ್ತಿರದಿಂದ ನೋಡಿದರು. ಅದು ಪೊದೆ ಅಲ್ಲ, ಕಡಿದ ಮರದ ಬುಡದ ಚಿಗುರು! ಮೇಲೆ ಮರ ಇಲ್ಲ, ಕೆಳಗೆ ಬೇರು ಬದುಕಿದೆ. ಅಂಥ ಬುಡಗಳು ಹೊಲ ಹೊಲದಲ್ಲೂ ಇದ್ದವು.

ಕೆಲಸ ಸುಲಭ. ಗಟ್ಟಿಯಾದ ನಾಲ್ಕೈದು ಚಿಗುರು ಉಳಿಸಬೇಕು. ಮಿಕ್ಕಿದ್ದನ್ನು ಸವರಬೇಕು. ದನ, ಮೇಕೆ ಮೇಯದಂತೆ ಕಾಯಬೇಕು. ಸಸಿ ಕೊಳ್ಳೋದು ಬೇಡ, ನೀರು ಹೊರೋದೂ ಬೇಡ. ಕಾನೂನಿನ ಬಿಗಿಯೂ ನಿಧಾನವಾಗಿ ಸಡಿಲಾಯಿತು. ನಾವು ಕಾಯ್ದ ಮರ ನಮ್ಮದು ಎಂಬ ಧೈರ್ಯ ಜನಕ್ಕೆ ಬಂತು. ಒಬ್ಬರನ್ನು ನೋಡಿ ಒಬ್ಬರು ಕಲಿತರು.

ಚಿತ್ರ ಏನು ಹೇಳಿತು?

ಸುಮಾರು 20 ವರ್ಷಗಳಲ್ಲಿ, ಅಂದರೆ 2005ರ ಹೊತ್ತಿಗೆ, ನೈಜರಿನಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ನೆಲದಲ್ಲಿ ಮರ ಮರಳಿ ಬಂದಿತ್ತು. ಒಟ್ಟು ಸುಮಾರು 20 ಕೋಟಿ ಮರಗಳು ಎಂದು ತಜ್ಞರು ಅಂದಾಜು ಮಾಡಿದರು. ಅವರು ಗಡಿಯ ಎರಡೂ ಕಡೆಯ ಚಿತ್ರಗಳನ್ನು ಹೋಲಿಸಿದರು. ನೈಜೀರಿಯದ ಕಡೆ ಮಳೆ ತುಸು ಹೆಚ್ಚು. ಆದರೂ ಮರ ಹೆಚ್ಚು ಇದ್ದದ್ದು ನೈಜರಿನ ಹೊಲಗಳಲ್ಲಿ!

ಇದರಿಂದ ಹೆಂಗಸರಿಗೆ ಏನು ಬಂತು? ಸೌದೆಗೆ ಬಹಳ ದೂರ ನಡೆಯೋದು ತಪ್ಪಿತು. ಮೇಕೆಗೆ ಮೇವು ಸಿಕ್ಕಿತು. ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಎನ್ನುವ ಭಾರಿ ಮರಗಳಿವೆ, ಗೊತ್ತಲ್ವಾ? ಅದೇ ಜಾತಿಯ ಮರ ಅಲ್ಲೂ ಇದೆ. ಅದರ ಎಲೆಯನ್ನು ಅಲ್ಲಿನವರು ಸಾರಿಗೆ ಹಾಕುತ್ತಾರೆ. ಹೆಂಗಸರು ಆ ಎಲೆ ಮಾರಿ ಕೈಗೆ ನಾಲ್ಕು ಕಾಸು ಮಾಡಿಕೊಂಡರು.

ಮರ ಬಂದ ಮಾತ್ರಕ್ಕೆ ಬಡತನ ಹೋಗಲಿಲ್ಲ. 2005ರಲ್ಲಿ ನೈಜರಿನಲ್ಲಿ ಮತ್ತೆ ಹಸಿವಿನ ಸಂಕಟ ಬಂತು. ಆದರೆ ಮರ ಇದ್ದ ಮನೆಗೆ ಮಾರಲು ಸೌದೆ ಇತ್ತು. ಅದನ್ನು ಮಾರಿ ಕಾಳು ಕೊಳ್ಳಬಹುದಿತ್ತು.

ಮಳೆ ನಮ್ಮ ಕೈಯಲ್ಲಿಲ್ಲ. ಚಿಗುರನ್ನು ಕಾಯೋದು ನಮ್ಮ ಕೈಯಲ್ಲಿದೆ. ಕಾಯ್ದವರಿಗೆ ಅದರ ಫಲ ಸಿಗುವಂಥ ಕಾನೂನೂ ಬೇಕು.

ಕೂಡಿ ಮಾತಾಡೋಣ

1. ನೈಜರಿನ ರೈತರು ಮೊದಲು ಚಿಗುರನ್ನು ಯಾಕೆ ಕಿತ್ತು ಹಾಕಿದರು?
2. ಮಳೆಗಾಲದ ಚಿತ್ರವನ್ನು ಬೇಸಿಗೆಯ ಚಿತ್ರದ ಜೊತೆ ಯಾಕೆ ಹೋಲಿಸಬಾರದು?
3. ನಿಮ್ಮ ಊರಲ್ಲಿ 20 ವರ್ಷಗಳ ಹಿಂದೆ ಸೌದೆಗೆ ಎಷ್ಟು ದೂರ ಹೋಗುತ್ತಿದ್ದರು? ಹಿರಿಯರನ್ನು ಕೇಳಿ ಬರೆಯಿರಿ.
4. ನಿಮ್ಮ ಹೊಲದ ಬದುವಿನಲ್ಲಿ ಚಿಗುರಿದ ಬುಡಗಳು ಎಷ್ಟಿವೆ? ಎಣಿಸಿ ನೋಡಿ.