ಯಂತ್ರಕ್ಕೆ ಕನ್ನಡ ಕಲಿಸಿದವರು: ಕಲ್ಲಚ್ಚಿನಿಂದ ಕೃತಕ ಬುದ್ಧಿಮತ್ತೆಯವರೆಗೆ

ಯಾವ ಯಂತ್ರವೂ ತಾನಾಗಿ ಕನ್ನಡವನ್ನು ಕಲಿತದ್ದಿಲ್ಲ. ಪ್ರತಿಯೊಂದು ಕಾಲಘಟ್ಟದಲ್ಲಿಯೂ ಮನುಷ್ಯರು ನುಡಿಯನ್ನು ಬರೆದು, ವಿಂಗಡಿಸಿ ಯಂತ್ರದ ಮುಂದಿರಿಸಿದ್ದಾರೆ. ಹಾಗೆ ಇರಿಸದೆ ಬಿಟ್ಟದ್ದು ಯಂತ್ರದ ಅಳವಿನ ಹೊರಗೆ ಉಳಿದಿದೆ. ಭಾಷೆ ಮತ್ತು ತಂತ್ರಜ್ಞಾನಗಳ ಸಂಬಂಧದ ಅಧ್ಯಯನಕ್ಕೆ ಇದು ಮೂಲಸೂತ್ರ.

1. ಅಚ್ಚು ಮತ್ತು ನಿಘಂಟು

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1841ರಲ್ಲಿ ಕಲ್ಲಚ್ಚಿನೊಂದಿಗೆ ಆರಂಭವಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅಲ್ಲಿಂದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. 1894ರಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡಿತು. ಕಾವ್ಯಗಳ ಪದಗಳ ಜೊತೆಗೆ ಜನರ ಆಡುಮಾತಿಗೂ ಗಾದೆಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಬರಹಕ್ಕೆ ಇಳಿಯದಿದ್ದರೆ ಅಳಿದುಹೋಗಬಹುದಾಗಿದ್ದ ಮಾತುಗಳು ಹೀಗೆ ಉಳಿದುಕೊಂಡವು.

2. ಕೀಲಿಮಣೆ ಮತ್ತು ಸಂಕೇತ

ಗಣಕದ ಕಾಲದಲ್ಲಿ ಸಮಸ್ಯೆಯ ಸ್ವರೂಪ ಬದಲಾಯಿತು. ಗುಣಿತಾಕ್ಷರ, ಒತ್ತಕ್ಷರಗಳು ಸೇರಿ ಉಂಟಾಗುವ ಅಸಂಖ್ಯ ರೂಪಗಳಿಗೆ ಒಂದೊಂದು ಕೀಲಿ ಒದಗಿಸುವುದು ಅಸಾಧ್ಯ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವು ಅಕ್ಷರದ ಆಕಾರವನ್ನು ಬಿಟ್ಟು ಧ್ವನಿಯನ್ನು ಆಧಾರವಾಗಿ ಹಿಡಿಯಿತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಕಣ್ಣಿಗೆ ‘ಕನ್ನಡ’ ಎಂಬುದು ಮೂರು ಅಕ್ಷರ. ಗಣಕಕ್ಕೆ ಅದು ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ಸಂಯುಕ್ತಾಕ್ಷರವನ್ನು ಬಿಡಿಸುವ ಈ ಕ್ರಮ ವ್ಯಾಕರಣದ ವಿದ್ಯಾರ್ಥಿಗೆ ಅಪರಿಚಿತವಲ್ಲ.

3. ಕೃತಕ ಬುದ್ಧಿಮತ್ತೆ

ಯಂತ್ರವು ಆಲೋಚಿಸಬಲ್ಲುದೆ ಎಂಬ ಪ್ರಶ್ನೆಯನ್ನು ಆಲನ್ ಟ್ಯೂರಿಂಗ್ 1950ರ ತಮ್ಮ ಲೇಖನದಲ್ಲಿ ಎತ್ತಿ, ಅದರ ಪರೀಕ್ಷೆಗೆ ಸಂಭಾಷಣೆಯನ್ನೇ ಒರೆಗಲ್ಲಾಗಿ ಸೂಚಿಸಿದರು. 2017ರಲ್ಲಿ ಪ್ರಕಟವಾದ ‘ಟ್ರಾನ್ಸ್‌ಫಾರ್ಮರ್’ ವಿನ್ಯಾಸವನ್ನು ಆಧರಿಸಿದ ಇಂದಿನ ಭಾಷಾ ಮಾದರಿಗಳು ಅಪಾರ ಬರಹರಾಶಿಯನ್ನು ಓದಿ, ಒಂದು ಮಾತಿನ ಮುಂದೆ ಯಾವುದು ಬರಬಹುದೆಂದು ಊಹಿಸಲು ಕಲಿಯುತ್ತವೆ. ಬರಹ ಹೇರಳವಾಗಿರುವ ಕಡೆ ಊಹೆ ಗಟ್ಟಿ. ವಿರಳವಾಗಿರುವ ಕಡೆ ದುರ್ಬಲ.

4. ಗಡಿನಾಡಿನ ನುಡಿ

ಶಿಷ್ಟ ಬರಹದ ‘ಬರುತ್ತಿದ್ದಾನೆ’ ಉತ್ತರದ ಆಡುನುಡಿಯಲ್ಲಿ ‘ಬರಾಕತ್ತಾನ’ ಆಗುತ್ತದೆ. ‘ಏನು’ ಎಂಬುದು ಕಾಸರಗೋಡಿನಲ್ಲಿ ‘ಎಂತ’ ಆಗುತ್ತದೆ. ಇವು ತಪ್ಪುರೂಪಗಳಲ್ಲ, ಪ್ರಾದೇಶಿಕ ಭೇದಗಳು. ಆದರೆ ಶಿಷ್ಟರೂಪವನ್ನಷ್ಟೇ ಹೆಚ್ಚಾಗಿ ಓದಿದ ಯಂತ್ರ ಅದನ್ನೇ ಮತ್ತೆ ಮತ್ತೆ ನುಡಿದರೆ, ಗಡಿನಾಡಿನ ಮಗು ತನ್ನ ಮನೆಮಾತೇ ತಪ್ಪೆಂದು ಭಾವಿಸುವ ದಿನ ಬರಬಹುದು.

ಯಕ್ಷಗಾನದ ನಿದರ್ಶನ ಇನ್ನೂ ಸ್ಪಷ್ಟ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳ ಪದ್ಯಗಳು ಅಚ್ಚಿನಲ್ಲಿ ದೊರೆಯುತ್ತವೆ. ತಾಳಮದ್ದಳೆಯ ಜೀವಾಳವಾದ ಅರ್ಥಗಾರಿಕೆಯಾದರೋ ಆ ಕ್ಷಣದಲ್ಲಿ ಹುಟ್ಟುವ ಮಾತು; ಎದುರಾಳಿಯ ವಾದಕ್ಕೆ ತಕ್ಕಂತೆ ಅದು ಪ್ರತಿ ಇರುಳೂ ಬೇರೆಯಾಗುತ್ತದೆ. ಪ್ರಸಂಗವನ್ನಷ್ಟೇ ಓದಿದ ಯಂತ್ರಕ್ಕೆ ಪದ್ಯ ದಕ್ಕೀತು, ಅರ್ಥ ದಕ್ಕದು. ಮುಂದೊಂದು ದಿನ ಯಂತ್ರವೇ ರಾವಣನ ಅರ್ಥ ಹೇಳಲು ಕುಳಿತಿತೆಂದು ಕಲ್ಪಿಸಿದರೂ, ಅದರ ಮಾತಿನ ಸತ್ವ ಇಂದು ಧ್ವನಿಮುದ್ರಿಸಿ ಲಿಪೀಕರಿಸಿಟ್ಟ ಕೂಟಗಳನ್ನೇ ಅವಲಂಬಿಸುತ್ತದೆ. ಆಗಲೂ ಎದುರಾಳಿಯ ಮುಖವನ್ನರಿತು ಮಾತು ತಿರುಗಿಸುವ ಕೌಶಲ ಅದಕ್ಕೆ ಒಲಿಯುವುದೇ ಎಂಬ ಪ್ರಶ್ನೆ ಉಳಿಯುತ್ತದೆ.

ಆದುದರಿಂದ ಕೃತಕ ಬುದ್ಧಿಮತ್ತೆಯ ಭವಿಷ್ಯವನ್ನು ದೂರದ ಪ್ರಯೋಗಶಾಲೆಗಳಷ್ಟೇ ನಿರ್ಧರಿಸುವುದಿಲ್ಲ. ಅಂದು ನಿಘಂಟುಕಾರ ಮಾಡಿದ ಸಂಗ್ರಹಕಾರ್ಯ ಇಂದು ಕನ್ನಡ ವಿದ್ಯಾರ್ಥಿಯ ಪಾಲಿಗೆ ಬಂದಿದೆ.

ಅಭ್ಯಾಸ

1. ‘ಅಕ್ಷರ’ ಪದವು ಎಷ್ಟು ಯೂನಿಕೋಡ್ ಸಂಕೇತಗಳಾಗಿ ಬಿಡಿಯುತ್ತದೆ? ಬಿಡಿಸಿ ಬರೆಯಿರಿ.
2. ಪ್ರಸಂಗ ಪದ್ಯ ಮತ್ತು ಅರ್ಥಗಾರಿಕೆಗಳ ನಡುವಣ ಸಂಬಂಧವನ್ನು ವಿವರಿಸಿರಿ.
3. ಮನೆಯ ಹಿರಿಯರಿಂದ ಹತ್ತು ಪದಗಳನ್ನು ಕೇಳಿ, ಊರು, ಅರ್ಥ ಮತ್ತು ಬಳಕೆಯ ವಾಕ್ಯದೊಡನೆ ದಾಖಲಿಸಿರಿ. ಅವುಗಳಲ್ಲಿ ಎಷ್ಟು ಪದಗಳು ಕಿಟೆಲ್ ನಿಘಂಟಿನಲ್ಲಿವೆ ಎಂಬುದನ್ನು ಪರಿಶೀಲಿಸಿರಿ.